ನೋವಿನ ತಿಳಿವು: ಬರೆದವರು ಯಾರು, ತಲುಪಿದ್ದು ಯಾರಿಗೆ

ಮನುಷ್ಯರನ್ನು ವೈದ್ಯರ ಬಳಿಗೆ ಕರೆತರುವ ಕಾರಣಗಳಲ್ಲಿ ನೋವು ಅತ್ಯಂತ ಹಳೆಯದು. ಆದರೂ ಅದನ್ನು ರೋಗದ ಒಂದು ಲಕ್ಷಣವೆಂದಷ್ಟೇ ಕಾಣದೆ, ತನ್ನಷ್ಟಕ್ಕೆ ಅಧ್ಯಯನಕ್ಕೆ ತಕ್ಕ ವಿಷಯವೆಂದು ವೈದ್ಯಶಾಸ್ತ್ರ ಪರಿಗಣಿಸತೊಡಗಿದ್ದು ಇಪ್ಪತ್ತನೆಯ ಶತಮಾನದ ನಡುಭಾಗದಿಂದೀಚೆಗೆ. ಇಟಲಿಯ ಫಿಲಿಕುಡಿ ಎಂಬ ಪುಟ್ಟ ದ್ವೀಪದಲ್ಲಿ ಹುಟ್ಟಿ, ಅಮೆರಿಕದಲ್ಲಿ ಕುಸ್ತಿಯಾಡಿ ಗಳಿಸಿದ ಹಣದಿಂದ ವೈದ್ಯಕೀಯ ಓದಿದ ಜಾನ್ ಬೊನಿಕಾ ಎರಡನೆಯ ಮಹಾಯುದ್ಧದ ಕಾಲದಲ್ಲಿ ಅರಿವಳಿಕೆ ವೈದ್ಯರಾಗಿ ಗಾಯಾಳು ಸೈನಿಕರನ್ನು ನೋಡಿಕೊಳ್ಳುತ್ತಿದ್ದರು. ಗಾಯ ಮಾಗಿದ ಮೇಲೂ ಉಳಿದುಬಿಡುವ ನೋವನ್ನು ಅಲ್ಲಿ ಕಂಡ ಅವರು 1953ರಲ್ಲಿ ನೋವಿನ ನಿರ್ವಹಣೆಯನ್ನು ಕುರಿತು ಬೃಹತ್ ಗ್ರಂಥವೊಂದನ್ನು ಪ್ರಕಟಿಸಿದರು. ಕುಸ್ತಿಯ ಪೆಟ್ಟುಗಳಿಂದ ಅವರೂ ಬಹುಕಾಲ ನೋವುಂಡವರಾಗಿದ್ದರು. 1965ರಲ್ಲಿ ರೊನಾಲ್ಡ್ ಮೆಲ್ಜಾಕ್ ಮತ್ತು ಪ್ಯಾಟ್ರಿಕ್ ವಾಲ್, ಬೆನ್ನುಹುರಿಯಲ್ಲಿ ನೋವಿನ ಸಂದೇಶಗಳನ್ನು ಒಳಬಿಡುವ ಅಥವಾ ತಡೆಯುವ ದ್ವಾರದಂಥ ಏರ್ಪಾಡು ಇದೆಯೆಂದೂ, ಮಿದುಳಿನಿಂದ ಇಳಿದುಬರುವ ಸಂಕೇತಗಳು ಆ ದ್ವಾರವನ್ನು ನಿಯಂತ್ರಿಸುತ್ತವೆಯೆಂದೂ ಪ್ರತಿಪಾದಿಸಿದರು. ಆ ಸಿದ್ಧಾಂತದ ವಿವರಗಳು ಮುಂದೆ ತಿದ್ದುಪಡಿಗೆ ಒಳಗಾದರೂ, ಭಯ, ಗಮನ, ನಿದ್ರೆ, ನಂಬಿಕೆ ಇವೆಲ್ಲ ನೋವಿನ ಪ್ರಮಾಣವನ್ನು ನಿಜವಾಗಿಯೂ ಬದಲಿಸುತ್ತವೆ ಎಂಬುದಕ್ಕೆ ಶರೀರಶಾಸ್ತ್ರದ ಆಧಾರ ದೊರೆತದ್ದು ಅದರಿಂದಲೇ.

ಅಂದು ಗ್ರಂಥಾಲಯಗಳಲ್ಲಿದ್ದ ಆ ಜ್ಞಾನ ಇಂದು ಅಂತರ್ಜಾಲದ ಮೂಲಕ ಯಾರ ಕೈಗಾದರೂ ಎಟುಕುವಂತಿದೆ. ಮಂಡಿನೋವಿನಿಂದ ನಿದ್ರೆಗೆಟ್ಟ ವೃದ್ಧೆಯ ಮಗನೂ, ತಾಲ್ಲೂಕು ಆಸ್ಪತ್ರೆಯಲ್ಲಿ ಕ್ಯಾನ್ಸರ್ ರೋಗಿಯನ್ನು ನೋಡಬೇಕಾದ ವೈದ್ಯನೂ ಒಂದೇ ಬಗೆಯ ಫೋನಿನಲ್ಲಿ ಉತ್ತರ ಹುಡುಕುತ್ತಾರೆ. ಹಾಗೆ ದೊರೆಯುವುದರಲ್ಲಿ ಬದುಕನ್ನು ಹಗುರಗೊಳಿಸುವ ತಿಳಿವೂ ಇದೆ, ಅಪಾಯಕ್ಕೆ ದೂಡುವ ಮಾತೂ ಇದೆ. ಎರಡರ ನಡುವಿನ ವ್ಯತ್ಯಾಸವನ್ನು ಗುರುತಿಸಬೇಕಾದರೆ ಆಧುನಿಕ ವೈದ್ಯಶಾಸ್ತ್ರ ನೋವನ್ನು ಹೇಗೆ ಅರ್ಥಮಾಡಿಕೊಂಡಿದೆ ಎಂಬುದನ್ನು ಮೊದಲು ತಿಳಿಯಬೇಕು.

1973ರಲ್ಲಿ ಬೊನಿಕಾ ಕರೆದ ಸಭೆಯೊಂದರಿಂದ ಹುಟ್ಟಿದ ಅಂತರರಾಷ್ಟ್ರೀಯ ನೋವು ಅಧ್ಯಯನ ಸಂಘ 1979ರಲ್ಲಿ ನೋವಿಗೆ ಒಂದು ವ್ಯಾಖ್ಯೆಯನ್ನು ಕೊಟ್ಟು, 2020ರಲ್ಲಿ ಅದನ್ನು ಪರಿಷ್ಕರಿಸಿತು. ಅದರ ಸಾರ ಇಷ್ಟು: ನೋವು ದೇಹದ ಸಂವೇದನೆಯೂ ಹೌದು, ಭಾವನೆಯೂ ಹೌದು, ಅಂಗಾಂಶಕ್ಕೆ ಹಾನಿಯಾದಾಗ ಅದು ಉಂಟಾಗಬಹುದು, ಹಾನಿಯಾಗುವ ಸಂಭವವಿದ್ದಾಗ ಉಂಟಾಗಬಹುದು, ಹಾನಿಯೇ ಇಲ್ಲದಾಗಲೂ ಅದರಂತೆಯೇ ಅನುಭವಕ್ಕೆ ಬರಬಹುದು. ವ್ಯಾಖ್ಯೆಯೊಂದಿಗಿರುವ ಟಿಪ್ಪಣಿಗಳು ಇನ್ನೂ ಮುಖ್ಯವಾದವು. ತನಗೆ ನೋವಿದೆ ಎಂದು ವ್ಯಕ್ತಿ ಹೇಳಿದರೆ ಆ ಮಾತನ್ನು ಗೌರವಿಸಬೇಕೆಂದೂ, ಮಾತಾಡಲಾರದ ಶಿಶುವಿಗೋ ಮರೆವಿನ ಕಾಯಿಲೆಯ ಮುದುಕರಿಗೋ ನೋವಿಲ್ಲವೆಂದು ಭಾವಿಸಬಾರದೆಂದೂ ಅವು ಹೇಳುತ್ತವೆ. ವರದಿಗಳಲ್ಲಿ ಏನೂ ಕಾಣುತ್ತಿಲ್ಲ, ಎಲ್ಲ ಮನಸ್ಸಿನ ಭ್ರಮೆ ಎಂಬ ಮಾತನ್ನು ಕೇಳಿಸಿಕೊಂಡು ಮನೆಗೆ ಮರಳುವ ರೋಗಿಗಳು ನಮ್ಮಲ್ಲಿ, ಅದರಲ್ಲೂ ಹೆಂಗಸರಲ್ಲಿ, ಕಡಿಮೆಯಿಲ್ಲವಾದ್ದರಿಂದ ಈ ಟಿಪ್ಪಣಿಗಳನ್ನು ಪ್ರತಿಯೊಂದು ಹೊರರೋಗಿ ವಿಭಾಗದ ಗೋಡೆಯ ಮೇಲೂ ಬರೆಸಿದರೆ ತಪ್ಪಾಗದು.

ಇದರೊಂದಿಗೆ ತಿಳಿಯಬೇಕಾದ ಇನ್ನೊಂದು ವಿಷಯ, ತಾತ್ಕಾಲಿಕ ನೋವಿಗೂ ದೀರ್ಘಕಾಲದ ನೋವಿಗೂ ಇರುವ ಭೇದ. ಮೂರು ತಿಂಗಳಿಗಿಂತ ಹೆಚ್ಚು ಕಾಲ ಉಳಿಯುವ ಅಥವಾ ಮತ್ತೆ ಮತ್ತೆ ಮರುಕಳಿಸುವ ನೋವನ್ನು ದೀರ್ಘಕಾಲದ ನೋವು ಎನ್ನುತ್ತಾರೆ. 2022ರಿಂದ ಜಾರಿಯಲ್ಲಿರುವ ವಿಶ್ವ ಆರೋಗ್ಯ ಸಂಸ್ಥೆಯ ರೋಗವರ್ಗೀಕರಣದ ಹನ್ನೊಂದನೆಯ ಆವೃತ್ತಿಯಲ್ಲಿ ಇದಕ್ಕೆ ತನ್ನದೇ ಆದ ಸ್ಥಾನ ದೊರೆತಿದ್ದು, ಬೇರೆ ರೋಗದ ನೆರಳಿನಲ್ಲಿರದೆ ನೋವೇ ರೋಗವಾಗಬಲ್ಲದು ಎಂಬುದನ್ನು ಅದು ಒಪ್ಪಿಕೊಂಡಿದೆ. ಹೊಲದ ಅಟ್ಟಣೆಯಲ್ಲಿ ಕುಳಿತ ಕಾವಲುಗಾರ ಹಂದಿ ನುಗ್ಗಿದಾಗ ಕೂಗಬೇಕಾದವನು, ಹಲವು ರಾತ್ರಿಗಳ ದಣಿವು ಮತ್ತು ಭಯದಿಂದಾಗಿ ಎಲೆ ಅಲುಗಿದರೂ ಕೂಗುವಂತಾದರೆ ಹೇಗೋ, ದೀರ್ಘಕಾಲದ ನೋವಿನಲ್ಲಿ ನರವ್ಯೂಹ ಹಾಗೆ ಅತಿಸೂಕ್ಷ್ಮಗೊಂಡಿರುತ್ತದೆ. ಕೂಗು ಸುಳ್ಳಲ್ಲ, ಆದರೆ ಪ್ರತಿಯೊಂದು ಕೂಗಿನ ಹಿಂದೆಯೂ ಹಾನಿ ಇರಬೇಕೆಂದೇನೂ ಇಲ್ಲ.

ಬೆನ್ನುನೋವಿನ ವಿಷಯದಲ್ಲಿ ಈ ತಿಳಿವು ನೇರವಾಗಿ ಉಪಯೋಗಕ್ಕೆ ಬರುತ್ತದೆ. 2020ರಲ್ಲಿ ಜಗತ್ತಿನಾದ್ಯಂತ ಸುಮಾರು 61.9 ಕೋಟಿ ಜನರಿಗೆ ಸೊಂಟದ ಭಾಗದ ಬೆನ್ನುನೋವು ಇತ್ತೆಂದು ಅಂದಾಜಿಸಲಾಗಿದೆ. ಇವರಲ್ಲಿ ಬಹುಪಾಲು ಜನರಿಗೆ ಇಂಥದ್ದೇ ಎಂದು ಬೊಟ್ಟು ಮಾಡಿ ತೋರಿಸಬಹುದಾದ ಕಾರಣ ಇರುವುದಿಲ್ಲ. ಎಂಆರ್‌ಐ ವರದಿಯಲ್ಲಿ ಡಿಸ್ಕ್ ಸವೆದಿದೆ, ಡಿಸ್ಕ್ ಉಬ್ಬಿದೆ ಎಂಬ ಸಾಲನ್ನು ಓದಿ, ಬಗ್ಗುವುದನ್ನೂ ನಡೆಯುವುದನ್ನೂ ಬಿಟ್ಟು ಹಾಸಿಗೆ ಹಿಡಿಯುವವರು ಹಲವರು. ಆದರೆ ನೋವೇ ಇಲ್ಲದವರ ಬೆನ್ನಿನ ಚಿತ್ರಗಳನ್ನು ಪರಿಶೀಲಿಸಿದ ಅಧ್ಯಯನಗಳನ್ನೆಲ್ಲ ಒಟ್ಟುಗೂಡಿಸಿ 2015ರಲ್ಲಿ ಪ್ರಕಟವಾದ ವಿಶ್ಲೇಷಣೆಯೊಂದರ ಪ್ರಕಾರ, ಇಪ್ಪತ್ತರ ವಯಸ್ಸಿನವರಲ್ಲಿ ಶೇ 37ರಷ್ಟು ಮಂದಿಗೂ ಎಂಬತ್ತರ ವಯಸ್ಸಿನವರಲ್ಲಿ ಶೇ 96ರಷ್ಟು ಮಂದಿಗೂ ಡಿಸ್ಕ್ ಸವೆತ ಇತ್ತು. ತಲೆಗೂದಲು ನರೆತದ್ದು ಹೇಗೆ ರೋಗವಲ್ಲವೋ ಹಾಗೆ ಈ ಸವೆತವೂ ಹಲವರಲ್ಲಿ ವಯಸ್ಸಿನ ಗುರುತಷ್ಟೆ. ವಿಶ್ವ ಆರೋಗ್ಯ ಸಂಸ್ಥೆ 2023ರ ಡಿಸೆಂಬರ್‌ನಲ್ಲಿ ಹೊರಡಿಸಿದ ಮಾರ್ಗಸೂಚಿ, ದೀರ್ಘಕಾಲದ ಬೆನ್ನುನೋವಿಗೆ ಶಿಕ್ಷಣ, ವ್ಯಾಯಾಮ, ಮನಶ್ಶಾಸ್ತ್ರೀಯ ನೆರವು ಇವುಗಳನ್ನು ಶಿಫಾರಸು ಮಾಡಿ, ಸೊಂಟಕ್ಕೆ ಕಟ್ಟುವ ಬೆಲ್ಟ್, ಬೆನ್ನನ್ನು ಎಳೆದು ಹಿಡಿಯುವ ಟ್ರ್ಯಾಕ್ಷನ್, ಅಫೀಮು ಮೂಲದ ನೋವುನಿವಾರಕಗಳು ಇವುಗಳನ್ನು ವಾಡಿಕೆಯಾಗಿ ಬಳಸುವುದು ಬೇಡವೆಂದಿತು. ನಮ್ಮ ಊರುಗಳಲ್ಲಿ ಬೆಲ್ಟ್ ಕೊಳ್ಳದ ಬೆನ್ನುನೋವಿನವರೇ ಅಪರೂಪವೆಂಬುದನ್ನು ನೆನೆದರೆ, ಮಾರ್ಗಸೂಚಿಗೂ ಮನೆಗೂ ನಡುವಿನ ದೂರ ಎಷ್ಟೆಂಬುದು ಹೊಳೆಯುತ್ತದೆ.

ಒಳ್ಳೆಯ ಅಂತರ್ಜಾಲ ಪಾಠಗಳು ರೋಗಿಗೆ ಕಲಿಸುವುದು ಇದನ್ನೇ. ಮೈ ಹಗುರವಾಗಿರುವ ದಿನ ಎಲ್ಲ ಕೆಲಸವನ್ನೂ ಒಮ್ಮೆಗೇ ಮುಗಿಸಿ, ಮರುದಿನ ಏಳಲಾರದೆ ಮಲಗುವ ಚಕ್ರವನ್ನು ಮುರಿಯಲು ಕೆಲಸವನ್ನು ಸಣ್ಣ ಕಂತುಗಳಾಗಿ ಹಂಚಿಕೊಳ್ಳುವುದು, ನಡಿಗೆಯನ್ನು ಸ್ವಲ್ಪಸ್ವಲ್ಪವಾಗಿ ಹೆಚ್ಚಿಸುವುದು, ನಿದ್ರೆಯನ್ನು ಸರಿಪಡಿಸಿಕೊಳ್ಳುವುದು, ನೋವು ಉಲ್ಬಣಿಸಿದ ದಿನ ಏನು ಮಾಡಬೇಕೆಂಬುದನ್ನು ಮುಂಚೆಯೇ ಬರೆದಿಟ್ಟುಕೊಳ್ಳುವುದು ಇವೆಲ್ಲ ಅವುಗಳಲ್ಲಿರುತ್ತವೆ. ಆದರೂ ಓದಿದ ಮಾತ್ರಕ್ಕೆ ನೋವು ಹೋಗುತ್ತದೆಂದು ಹೇಳುವಂತಿಲ್ಲ. ಹೊಸದಾಗಿ ಬೆನ್ನುನೋವು ಬಂದವರಿಗೆ ನೋವಿನ ವಿಜ್ಞಾನವನ್ನು ವಿಸ್ತಾರವಾಗಿ ಬೋಧಿಸಿದ ಆಸ್ಟ್ರೇಲಿಯದ ಪ್ರಯೋಗವೊಂದರಲ್ಲಿ, ಬರಿದೆ ಸಹಾನುಭೂತಿಯಿಂದ ಆಲಿಸಿದ್ದಕ್ಕಿಂತ ಹೆಚ್ಚಾಗಿ ನೋವು ಇಳಿಯಲಿಲ್ಲ. ಬೋಧನೆ ವ್ಯಾಯಾಮದೊಂದಿಗೂ ಫಿಸಿಯೋಥೆರಪಿಯೊಂದಿಗೂ ಸೇರಿದಾಗಲೇ ಅದರ ಫಲ ಹೆಚ್ಚು.

ತಿಳಿವಿನ ಮೂಲ ಕೆಟ್ಟರೆ ಏನಾಗುತ್ತದೆ ಎಂಬುದಕ್ಕೆ ಅಮೆರಿಕದ ಅನುಭವಕ್ಕಿಂತ ದೊಡ್ಡ ಪಾಠ ಬೇಕಿಲ್ಲ. 1980ರ ಜನವರಿಯಲ್ಲಿ ಅಲ್ಲಿನ ಪ್ರತಿಷ್ಠಿತ ವೈದ್ಯಪತ್ರಿಕೆಯೊಂದರಲ್ಲಿ ಐದೇ ವಾಕ್ಯಗಳ ಪತ್ರವೊಂದು ಅಚ್ಚಾಯಿತು. ಆಸ್ಪತ್ರೆಯಲ್ಲಿದ್ದಾಗ ಅಫೀಮು ಮೂಲದ ಔಷಧ ಪಡೆದ 11,882 ರೋಗಿಗಳಲ್ಲಿ ಕೇವಲ ನಾಲ್ವರಲ್ಲಿ ವ್ಯಸನ ಕಾಣಿಸಿಕೊಂಡಿತೆಂಬುದು ಅದರ ತಿರುಳು. ಆಸ್ಪತ್ರೆಯೊಳಗಿನ ರೋಗಿಗಳನ್ನು ಕುರಿತ ಈ ಮಾತನ್ನು, ಮನೆಯಲ್ಲಿ ತಿಂಗಳುಗಟ್ಟಲೆ ಮಾತ್ರೆ ನುಂಗುವವರಿಗೂ ಅನ್ವಯಿಸಿ, ವ್ಯಸನದ ಭಯ ಬೇಡವೆಂದು ವೈದ್ಯರಿಗೆ ಬೋಧಿಸಲಾಯಿತು. 2017ರ ಪರಿಶೀಲನೆಯೊಂದು ತೋರಿಸಿದಂತೆ ಆ ಪತ್ರವನ್ನು 608 ಬಾರಿ ಉಲ್ಲೇಖಿಸಲಾಗಿತ್ತು. ಉಲ್ಲೇಖಿಸಿದವರಲ್ಲಿ ಶೇ 80ಕ್ಕೂ ಹೆಚ್ಚು ಮಂದಿ ಅದು ಆಸ್ಪತ್ರೆಯಲ್ಲಿದ್ದವರ ಲೆಕ್ಕವೆಂಬುದನ್ನೇ ಹೇಳಿರಲಿಲ್ಲ. ಔಷಧ ಕಂಪನಿಗಳ ಹಣ ಈ ಬೋಧನೆಯ ಬೆನ್ನಿಗಿತ್ತು. ಅಮೆರಿಕನ್ ಪೇಯ್ನ್ ಫೌಂಡೇಷನ್ ಎಂಬ ರೋಗಿಗಳ ಸಂಸ್ಥೆ 2010ರಲ್ಲಿ ತನ್ನ ಆದಾಯದ ಸುಮಾರು ಶೇ 90ರಷ್ಟನ್ನು ಔಷಧ ಮತ್ತು ವೈದ್ಯಕೀಯ ಉಪಕರಣಗಳ ಉದ್ಯಮದಿಂದ ಪಡೆದಿತ್ತೆಂಬುದು ಬಯಲಾಗಿ, ಸೆನೆಟ್ ವಿಚಾರಣೆ ಆರಂಭವಾದ ಹೊತ್ತಿಗೆ, 2012ರ ಮೇ ತಿಂಗಳಲ್ಲಿ ಅದು ಮುಚ್ಚಿಹೋಯಿತು. ವಿಶ್ವ ಆರೋಗ್ಯ ಸಂಸ್ಥೆಯೂ ತನ್ನ 2011 ಮತ್ತು 2012ರ ಎರಡು ಮಾರ್ಗಸೂಚಿಗಳ ಮೇಲೆ ಉದ್ಯಮದ ಪ್ರಭಾವದ ಆರೋಪ ಬಂದಾಗ 2019ರಲ್ಲಿ ಅವನ್ನು ಹಿಂತೆಗೆದುಕೊಂಡಿತು. ಆದುದರಿಂದ ನೋವಿನ ಕುರಿತ ಯಾವುದೇ ಪಾಠವನ್ನು ನಂಬುವ ಮೊದಲು ಅದನ್ನು ಬರೆದವರಾರು, ಹಣ ಕೊಟ್ಟವರಾರು, ಯಾವ ವರ್ಷ ಪರಿಷ್ಕರಿಸಲಾಗಿದೆ ಎಂಬ ಮೂರು ಪ್ರಶ್ನೆಗಳನ್ನು ರೋಗಿಯೂ ಕೇಳಬೇಕು, ವೈದ್ಯರೂ ಕೇಳಬೇಕು.

ಭಾರತದಲ್ಲಿ ತಪ್ಪು ನಡೆದದ್ದು ಇದಕ್ಕೆ ವಿರುದ್ಧ ದಿಕ್ಕಿನಲ್ಲಿ. ಮಧ್ಯಪ್ರದೇಶ, ರಾಜಸ್ಥಾನ ಮತ್ತು ಉತ್ತರಪ್ರದೇಶಗಳಲ್ಲಿ ಸರ್ಕಾರದ ಪರವಾನಗಿಯಿಂದ ಅಫೀಮು ಬೆಳೆದು, ನೀಮಚ್ ಮತ್ತು ಗಾಜಿಪುರದ ಸರ್ಕಾರಿ ಕಾರ್ಖಾನೆಗಳಲ್ಲಿ ಅದನ್ನು ಸಂಸ್ಕರಿಸುವ ದೇಶದಲ್ಲೇ, ಅದರಿಂದ ದೊರೆಯುವ ಮಾರ್ಫಿನ್ ಕ್ಯಾನ್ಸರ್ ರೋಗಿಗಳಿಗೆ ಸಿಗದಂತಾಯಿತು. 1985ರ ಮಾದಕ ವಸ್ತುಗಳ ಕಾಯ್ದೆಯ ಕಠಿಣ ಶಿಕ್ಷೆಗೆ ಹೆದರಿ, ಬೇರೆ ಬೇರೆ ಇಲಾಖೆಗಳಿಂದ ಪಡೆಯಬೇಕಿದ್ದ ಹಲವು ಪರವಾನಗಿಗಳಿಗೆ ಬೇಸತ್ತು, ಬಹುತೇಕ ಆಸ್ಪತ್ರೆಗಳು ಮಾರ್ಫಿನ್ ಇಡುವುದನ್ನೇ ನಿಲ್ಲಿಸಿದವು. ಅದನ್ನು ಒಮ್ಮೆಯೂ ಬರೆಯದ ವೈದ್ಯರ ಒಂದು ತಲೆಮಾರೇ ಬೆಳೆಯಿತು. 1993ರಲ್ಲಿ ಕಲ್ಲಿಕೋಟೆಯಲ್ಲಿ ಆರಂಭವಾದ ನೋವು ಮತ್ತು ಉಪಶಾಮಕ ಆರೈಕೆಯ ಸಂಘ, ಆ ಬಳಿಕ ಡಾ. ಎಂ. ಆರ್. ರಾಜಗೋಪಾಲ್ ತಿರುವನಂತಪುರದಲ್ಲಿ ಕಟ್ಟಿದ ಪಾಲಿಯಂ ಇಂಡಿಯಾ, ಮತ್ತು ಅವರೊಂದಿಗಿದ್ದ ಅನೇಕರ ದೀರ್ಘ ಹೋರಾಟದ ಫಲವಾಗಿ 2014ರಲ್ಲಿ ಕಾಯ್ದೆಗೆ ತಿದ್ದುಪಡಿಯಾಯಿತು. ಮಾರ್ಫಿನ್, ಫೆಂಟನಿಲ್, ಮೆಥಡೋನ್ ಮೊದಲಾದ ಆರು ಔಷಧಗಳನ್ನು ಅಗತ್ಯ ಔಷಧಗಳೆಂದು ಗುರುತಿಸಿ, ದೇಶಕ್ಕೆಲ್ಲ ಒಂದೇ ನಿಯಮವನ್ನು ತಂದು, ಮಾನ್ಯತೆ ಪಡೆದ ವೈದ್ಯಕೀಯ ಸಂಸ್ಥೆಗಳಿಗೆ ಅವನ್ನು ಸುಲಭಗೊಳಿಸಲಾಯಿತು. ಕಾನೂನು ಬದಲಾದರೂ ವೈದ್ಯರ ಮನಸ್ಸಿನ ಅಂಜಿಕೆ ಉಳಿದಿರುವುದರಿಂದ, ಅದನ್ನು ಕಳೆಯುವುದು ತರಬೇತಿಯಿಂದ ಮಾತ್ರ ಸಾಧ್ಯ.

ಅಂತಹ ತರಬೇತಿಗೆ ದಾರಿ ತೋರಿಸಿದವರು ಅಮೆರಿಕದ ನ್ಯೂ ಮೆಕ್ಸಿಕೊ ವಿಶ್ವವಿದ್ಯಾಲಯದ ಯಕೃತ್ ತಜ್ಞ ಡಾ. ಸಂಜೀವ್ ಅರೋರ. ತಮ್ಮ ಬಳಿಗೆ ಬರಲು ರೋಗಿಗಳು ತಿಂಗಳುಗಟ್ಟಲೆ ಕಾಯಬೇಕಾದುದನ್ನು ಕಂಡು, 2003ರಲ್ಲಿ ಅವರು ಹಳ್ಳಿಗಳ ಸಾಮಾನ್ಯ ವೈದ್ಯರನ್ನು ವಾರಕ್ಕೊಮ್ಮೆ ವಿಡಿಯೊ ಮೂಲಕ ಒಂದೆಡೆ ಸೇರಿಸಿ, ಅವರು ಹೆಸರು ಮರೆಮಾಡಿ ಒಪ್ಪಿಸುವ ರೋಗಿಗಳ ವಿವರಗಳನ್ನು ಎಲ್ಲರೊಂದಿಗೆ ಚರ್ಚಿಸುವ ಎಕೋ ಎಂಬ ಪದ್ಧತಿಯನ್ನು ರೂಪಿಸಿದರು. ಹೆಪಟೈಟಿಸ್ ಸಿ ಕಾಯಿಲೆಗೆ ಈ ವೈದ್ಯರು ಕೊಟ್ಟ ಚಿಕಿತ್ಸೆ ವಿಶ್ವವಿದ್ಯಾಲಯದ ಚಿಕಿತ್ಸೆಯಷ್ಟೇ ಫಲಕಾರಿಯಾಗಿತ್ತೆಂದು 2011ರಲ್ಲಿ ಪ್ರಕಟವಾದ ಅಧ್ಯಯನ ಸ್ಥಾಪಿಸಿತು. ಅದೇ ಪದ್ಧತಿ ನೋವಿನ ಚಿಕಿತ್ಸೆಗೂ ಹಬ್ಬಿತು. ಭಾರತದಲ್ಲಿ ಪಾಲಿಯಂ ಇಂಡಿಯಾ ಉಪಶಾಮಕ ಆರೈಕೆಗೂ, ಬೆಂಗಳೂರಿನ ನಿಮ್ಹಾನ್ಸ್ ವ್ಯಸನ ಮತ್ತು ಮಾನಸಿಕ ಆರೋಗ್ಯದ ತರಬೇತಿಗೂ ಅದನ್ನು ಬಳಸಿವೆ. ಇದರ ಗುಣವೆಂದರೆ ಕಲಿಯುವ ವೈದ್ಯ ತನ್ನದೇ ರೋಗಿಯನ್ನು ಮುಂದಿಟ್ಟುಕೊಂಡು ಕಲಿಯುತ್ತಾನೆ, ತಜ್ಞರಿಗೂ ಹಳ್ಳಿಯ ವಾಸ್ತವ ತಿಳಿಯುತ್ತದೆ. ಉಪನ್ಯಾಸದ ವಿಡಿಯೊಗಳು ಎಷ್ಟೇ ಚೆನ್ನಾಗಿದ್ದರೂ ಈ ಕೊಡುಕೊಳ್ಳುವಿಕೆಗೆ ಸಾಟಿಯಾಗಲಾರವು. ದೂರದ ಸಮಾಲೋಚನೆಗೆ ಕಾನೂನಿನ ಮಿತಿಯೊಂದಿದೆ ಎಂಬುದನ್ನೂ ಇಲ್ಲಿ ಹೇಳಬೇಕು: 2020ರ ಮಾರ್ಚ್‌ನಲ್ಲಿ ಪ್ರಕಟವಾದ ಟೆಲಿಮೆಡಿಸಿನ್ ಮಾರ್ಗಸೂಚಿ ಮಾದಕ ವಸ್ತುಗಳ ಪಟ್ಟಿಯಲ್ಲಿರುವ ಔಷಧಗಳನ್ನು ಫೋನು ಅಥವಾ ವಿಡಿಯೊ ಮೂಲಕ ಬರೆಯುವುದನ್ನು ನಿಷೇಧಿಸಿದೆ.

ಕರ್ನಾಟಕದಲ್ಲಿ ಬೆಂಗಳೂರಿನ ಕರುಣಾಶ್ರಯದಂಥ ಸಂಸ್ಥೆಗಳು ಕ್ಯಾನ್ಸರಿನ ಕೊನೆಯ ಹಂತದವರಿಗೆ ದಶಕಗಳಿಂದ ಉಚಿತ ಆರೈಕೆ ನೀಡುತ್ತಿವೆ. ಕೊರತೆ ಇರುವುದು ಮನೆಯಲ್ಲಿ ರೋಗಿಯನ್ನು ನೋಡಿಕೊಳ್ಳುವವರಿಗೂ ಆಶಾ ಕಾರ್ಯಕರ್ತೆಯರಿಗೂ ಅರ್ಥವಾಗುವ ಕನ್ನಡದ ಪಾಠಗಳಲ್ಲಿ. ಸೊನ್ನೆಯಿಂದ ಹತ್ತರವರೆಗಿನ ಅಂಕಿಯಲ್ಲಿ ನೋವನ್ನು ಅಳೆಯುವ ಕ್ರಮ ಅಕ್ಷರಾಭ್ಯಾಸವಿಲ್ಲದವರಿಗೆ ಕಷ್ಟವೆನಿಸಬಹುದು. ಮಕ್ಕಳಿಗಾಗಿ ರೂಪಿಸಿದ, ನಗುವ ಮುಖದಿಂದ ಅಳುವ ಮುಖದವರೆಗಿನ ಆರು ಚಿತ್ರಗಳ ಮಾಪಕ ಅಥವಾ ಕಾಲುಭಾಗ, ಅರೆ, ಮುಕ್ಕಾಲು, ಪೂರ್ತಿ ಎಂಬ ಲೆಕ್ಕ ಅವರಿಗೆ ಹೆಚ್ಚು ಒಗ್ಗುತ್ತದೆ. ರೋಗಿ ಉರಿ, ಜೋಮು, ಕರೆಂಟ್ ಹೊಡೆದಂತೆ ಎಂದರೆ ಅದು ನರದ ನೋವಿನ ಸೂಚನೆಯಾಗಿರಬಹುದಾದ್ದರಿಂದ, ಸಾಮಾನ್ಯ ನೋವುನಿವಾರಕಗಳು ಅಲ್ಲಿ ಅಷ್ಟಾಗಿ ಕೆಲಸಮಾಡವೆಂಬುದನ್ನು ಕಾರ್ಯಕರ್ತೆ ತಿಳಿದಿದ್ದರೆ ಸರಿಯಾದ ವೈದ್ಯರ ಬಳಿಗೆ ಕಳುಹಿಸಬಲ್ಲಳು. ಓದಲಾಗದವರಿಗೆ ಇವೆಲ್ಲ ಧ್ವನಿಮುದ್ರಿಕೆಯಾಗಿ, ಕಲಬುರಗಿಯವರಿಗೂ ಕರಾವಳಿಯವರಿಗೂ ಅವರವರ ಮಾತಿನ ಧಾಟಿಯಲ್ಲಿ ದೊರೆಯಬೇಕು.

ಅಂಥ ಪಾಠಗಳಲ್ಲಿ ಮೊದಲು ಬರಬೇಕಾದವು ಸುರಕ್ಷತೆಯ ಮಾತುಗಳು. ಬೆನ್ನುನೋವಿನೊಂದಿಗೆ ಮೂತ್ರ ಅಥವಾ ಮಲದ ಹಿಡಿತ ತಪ್ಪಿದರೆ, ತೊಡೆಗಳ ಸಂದಿಯಲ್ಲಿ ಸ್ಪರ್ಶ ತಿಳಿಯದಂತಾದರೆ, ಕಾಲು ಬಲಹೀನವಾದರೆ ತಡಮಾಡದೆ ಆಸ್ಪತ್ರೆಗೆ ಹೋಗಬೇಕು. ಜ್ವರ, ಕಾರಣವಿಲ್ಲದೆ ತೂಕ ಇಳಿಯುವುದು, ಹಿಂದೆ ಕ್ಯಾನ್ಸರ್ ಬಂದಿದ್ದದ್ದು ಇವನ್ನೂ ವೈದ್ಯರಿಗೆ ತಿಳಿಸಬೇಕು. ವಯಸ್ಕರು ದಿನಕ್ಕೆ 4 ಗ್ರಾಮಿಗಿಂತ ಹೆಚ್ಚು ಪ್ಯಾರಸಿಟಮಾಲ್ ತೆಗೆದುಕೊಳ್ಳಬಾರದು, ನೆಗಡಿಯ ಮಾತ್ರೆಗಳಲ್ಲೂ ಅದು ಅಡಗಿರುವುದನ್ನು ಲೆಕ್ಕಹಾಕಬೇಕು. ಡೈಕ್ಲೋಫೆನಾಕ್‌ನಂಥ ಮಾತ್ರೆಗಳನ್ನು ಅಂಗಡಿಯಿಂದ ತಂದು ತಿಂಗಳುಗಟ್ಟಲೆ ನುಂಗಿದರೆ ಹೊಟ್ಟೆಯ ಹುಣ್ಣು, ಮೂತ್ರಪಿಂಡದ ಹಾನಿ, ಹೃದಯಾಘಾತದ ಅಪಾಯ ಹೆಚ್ಚುತ್ತವೆ. ಮನೆಯಲ್ಲಿ ಕ್ಯಾನ್ಸರ್ ರೋಗಿಗೆ ಬೇಗ ಕೆಲಸಮಾಡುವ ಮಾರ್ಫಿನ್ ಮಾತ್ರೆ ಕೊಡುತ್ತಿರುವವರು, ನೋವು ಬರಲೆಂದು ಕಾಯದೆ ವೈದ್ಯರು ಹೇಳಿದಂತೆ ಸಾಮಾನ್ಯವಾಗಿ ನಾಲ್ಕು ಗಂಟೆಗೊಮ್ಮೆ ಕೊಡಬೇಕು. ಮೊದಲ ದಿನದಿಂದಲೇ ಮಲ ಸಡಿಲಿಸುವ ಔಷಧವನ್ನೂ ಜೊತೆಗೆ ಕೊಡಬೇಕು, ಏಕೆಂದರೆ ವಾಂತಿಯೂ ಮಂಪರೂ ಕೆಲವು ದಿನಗಳಲ್ಲಿ ಕಡಿಮೆಯಾದರೂ ಮಲಬದ್ಧತೆ ಮಾತ್ರ ಔಷಧ ಇರುವವರೆಗೂ ಉಳಿಯುತ್ತದೆ, ಅದರ ಸಂಕಟ ತಾಳಲಾರದೆ ಮಾರ್ಫಿನನ್ನೇ ನಿಲ್ಲಿಸಿ ರೋಗಿ ಮತ್ತೆ ನೋವಿಗೆ ಮರಳುವ ಸಂಭವವಿದೆ.