ಅಜ್ಜನ ಕಾಲದ ಕಾರು, ಲೇತ್ ಅಂಗಡಿಯ ವಿಜ್ಞಾನ

ಡಿಸೆಂಬರ್ ಬಂತೆಂದರೆ ಚನ್ನಗಿರಿ, ಹೊನ್ನಾಳಿ, ನ್ಯಾಮತಿ, ಜಗಳೂರಿನ ಶಾಲೆಗಳಲ್ಲಿ ಪ್ರವಾಸದ ಗಡಿಬಿಡಿ. ಬಸ್ಸು ಧರ್ಮಸ್ಥಳದ ಕಡೆಗೋ ಮೈಸೂರಿನ ಕಡೆಗೋ ಹೊರಡುತ್ತದೆ. ಎರಡೂ ದಾರಿಯಲ್ಲಿ ಹಳೆಯ ಕಾರುಗಳನ್ನು ನೋಡಲು ಸಿಗುತ್ತವೆ. ಡಾ. ಡಿ. ವೀರೇಂದ್ರ ಹೆಗ್ಗಡೆಯವರು ದಶಕಗಳಿಂದ ಸಂಗ್ರಹಿಸಿದ ಕಾರುಗಳು ಧರ್ಮಸ್ಥಳದಲ್ಲಿವೆ. ಬೆಂಗಳೂರು–ಮೈಸೂರು ಹೆದ್ದಾರಿಯಲ್ಲಿ, ಶ್ರೀರಂಗಪಟ್ಟಣದ ಬಳಿ, ‘ಪಯಣ’ ಎಂಬ ಕಾರು ಸಂಗ್ರಹಾಲಯವೂ ಇದೆ. ಮಕ್ಕಳು ಹಿತ್ತಾಳೆಯ ಹಾರನ್ನನ್ನೂ ಊಟದ ತಟ್ಟೆಯಗಲದ ದೀಪಗಳನ್ನೂ ಕಂಡು ಬೆರಗಾಗುತ್ತಾರೆ, ಫೋಟೊ ತೆಗೆಸಿಕೊಂಡು ಬಸ್ಸು ಹತ್ತುತ್ತಾರೆ. ‘ಸಾರ್, ಇದು ಈಗಲೂ ಓಡುತ್ತಾ?’ ಎಂದು ಒಬ್ಬ ಹುಡುಗನಾದರೂ ಕೇಳಿಯೇ ಕೇಳುತ್ತಾನೆ. ಸರಿಯಾದ ಪ್ರಶ್ನೆ. ಉತ್ತರ ಮಾತ್ರ ಕಾರಿನ ಮುಂದಿಟ್ಟ ಫಲಕದಲ್ಲಿ ಇರುವುದಿಲ್ಲ. ಆ ಹುಡುಗನ ಊರಿನ ಬಸ್ ನಿಲ್ದಾಣದ ಆಚೆಗಿನ ಲೇತ್ ಅಂಗಡಿಯಲ್ಲಿ ಅದರ ಅರ್ಧ ಉತ್ತರವಿದೆ.

ಎರಡನೆಯ ಮಹಾಯುದ್ಧಕ್ಕೆ ಮುಂಚಿನ ಐಷಾರಾಮಿ ಕಾರುಗಳಿಗೂ ಮೈಸೂರಿಗೂ ಹಳೆಯ ನಂಟು. ಮಹಾರಾಜರು ಒಮ್ಮೆಗೆ ಏಳೇಳು ರೋಲ್ಸ್ ರಾಯ್ಸ್ ಕೊಳ್ಳುತ್ತಿದ್ದುದರಿಂದ ಆ ಕಂಪನಿಯ ಮಾರಾಟಗಾರರಲ್ಲಿ ‘ಮೈಸೂರು ಮಾಡುವುದು’ ಎಂಬ ಮಾತೇ ಹುಟ್ಟಿತೆಂದು ಹೇಳುವುದುಂಟು. ಆದರೆ ಆಗ ಕಂಪನಿ ಮಾರುತ್ತಿದ್ದುದು ಪೂರ್ತಿ ಕಾರನ್ನಲ್ಲ. ಎಂಜಿನ್, ಚಕ್ರ, ರೇಡಿಯೇಟರ್ ಸಮೇತ ಚಾಸಿಯನ್ನಷ್ಟೇ ಕೊಡುತ್ತಿತ್ತು. ಮೇಲಿನ ಮೈಯನ್ನು ಕಟ್ಟುತ್ತಿದ್ದವರು ಬೇರೆಯವರು. ಅವರಲ್ಲಿ ಅನೇಕರು ಅದಕ್ಕೂ ಮುಂಚೆ ಕುದುರೆ ಸಾರೋಟು ಮಾಡುತ್ತಿದ್ದ ಮನೆತನದವರು. ಆಶ್ ಎಂಬ ಮರದಲ್ಲಿ ಅಸ್ಥಿಪಂಜರ ಕಟ್ಟಿ, ಅದರ ಮೇಲೆ ಕೈಯಿಂದ ಬಡಿದು ಬಾಗಿಸಿದ ಅಲ್ಯುಮಿನಿಯಮ್ ತಗಡು ಹೊದಿಸುವುದು ಅವರ ಕ್ರಮ. ಹೀಗಾಗಿ ಅಂಥ ಕಾರು ಅರ್ಧ ಕಮ್ಮಾರನದು, ಅರ್ಧ ಬಡಗಿಯದು. ಒಂದರ ಬಾಗಿಲು ಇನ್ನೊಂದಕ್ಕೆ ಕೂರುವ ಭರವಸೆಯಿಲ್ಲ. ಕೆಟ್ಟರೆ ಬಿಡಿಭಾಗದ ಅಂಗಡಿಗೆ ಹೋಗಿ ಕೇಳುವಂತೆಯೂ ಇಲ್ಲ.

ಕೊಟ್ಟಿಗೆಯ ಮೂಲೆಯಲ್ಲಿ ನಲವತ್ತು ವರ್ಷ ನಿಂತ ಕಾರನ್ನು ಬಿಚ್ಚಿದರೆ ಮೊದಲು ಸಿಗುವುದು ಗೆದ್ದಲು. ಮರ ಪುಡಿಯಾಗಿ, ತಗಡು ಮಾತ್ರ ಬಣ್ಣದ ಬಲದಿಂದ ನಿಂತಿರುತ್ತದೆ. ಅಲ್ಯುಮಿನಿಯಮ್ಮಿಗೆ ಉಕ್ಕಿನ ಮೊಳೆ ತಾಗಿದ ಕಡೆ ಬಿಳಿ ಪುಡಿ ಕಟ್ಟಿರುತ್ತದೆ. ಎರಡು ಬೇರೆ ಲೋಹಗಳ ನಡುವೆ ಮಳೆಗಾಲದ ತೇವ ಸೇರಿದರೆ ಅಲ್ಲೊಂದು ಪುಟ್ಟ ವಿದ್ಯುತ್ ಕೋಶವೇ ಆಗಿಬಿಡುತ್ತದೆ, ಅಲ್ಯುಮಿನಿಯಮ್ ಸವೆಯುತ್ತದೆ. ಪ್ರಯೋಗಾಲಯದಲ್ಲಿ ಸತು, ತಾಮ್ರದ ಪಟ್ಟಿಗಳನ್ನು ಆಮ್ಲದಲ್ಲಿಟ್ಟು ಬಲ್ಬು ಉರಿಸಿದ ವಿದ್ಯಾರ್ಥಿಗೆ ಇದು ಹೊಸದಲ್ಲ.

ಎಂಜಿನ್ನಿನ ಕತೆ ಇನ್ನೂ ಸೊಗಸು. ಇಂದಿನ ಎಂಜಿನ್ನಿನಲ್ಲಿ ಬೇರಿಂಗ್ ಸವೆದರೆ ತೆಳುವಾದ ಹೊಸ ಚಿಪ್ಪನ್ನು ತಂದು ಕೂರಿಸುತ್ತಾರೆ. ಆಗ ಹಾಗಿರಲಿಲ್ಲ. ಬ್ಯಾಬಿಟ್ ಅಥವಾ ವೈಟ್ ಮೆಟಲ್ ಎಂಬ ಮಿಶ್ರಲೋಹವನ್ನು ಕರಗಿಸಿ, ಕನೆಕ್ಟಿಂಗ್ ರಾಡಿನ ಬಾಯಿಗೇ ಎರೆಯುತ್ತಿದ್ದರು. ತವರದ ಜೊತೆ ಆಂಟಿಮನಿ, ತಾಮ್ರ ಬೆರೆತ ಈ ಲೋಹ ಸುಮಾರು 240 ಡಿಗ್ರಿ ಸೆಲ್ಸಿಯಸ್‌ನಲ್ಲೇ ಕರಗತೊಡಗುತ್ತದೆ. ಇದಕ್ಕೆ ಅಮೆರಿಕದ ಐಸಾಕ್ ಬ್ಯಾಬಿಟ್ 1839ರಲ್ಲಿ ಪೇಟೆಂಟ್ ಪಡೆದಿದ್ದ. ಇಷ್ಟು ಮೆತ್ತನೆಯ ಲೋಹ ಏಕೆ? ಆಯಿಲ್ ನಿಂತುಹೋದಾಗ ಮೊದಲು ಕರಗಿ ಹಾಳಾಗುವುದು ಬೇರಿಂಗ್. ದುಬಾರಿ ಕ್ರ್ಯಾಂಕ್ ಶಾಫ್ಟ್ ಉಳಿಯಲು ಅವಕಾಶವಿರುತ್ತದೆ. ಮನೆಯ ಫ್ಯೂಸ್ ತಂತಿಯದೂ ಇದೇ ತ್ಯಾಗ. ಎರೆದ ಲೋಹ ಆರಿದ ಮೇಲೆ ಅದನ್ನು ಲೇತಿನಲ್ಲಿ ಕೊರೆದು, ಕೊನೆಗೆ ಕೈಯಿಂದ ಕೆರೆದು ಕೂರಿಸಬೇಕು. ಬಿಡುವ ಸಂದು ಇಂಚಿನ ಸಾವಿರದಲ್ಲೊಂದೆರಡು ಪಾಲು. ಲೇತ್ ಕೆಲಸದವರ ಬಾಯಲ್ಲಿ ‘ಥೌ’. ತಲೆಗೂದಲು ಇದಕ್ಕಿಂತ ದಪ್ಪ.

ಈ ಕೈಕಸುಬು ಈ ಸೀಮೆಗೆ ಪರಕೀಯವಲ್ಲ. ಹೊನ್ನಾಳಿಗೆ ನೆರೆಯ ಹರಿಹರದಲ್ಲಿ 1941ರಲ್ಲಿ ಸ್ಥಾಪನೆಯಾದ ಮೈಸೂರು ಕಿರ್ಲೋಸ್ಕರ್ ಕಾರ್ಖಾನೆ ಲೇತ್ ಯಂತ್ರಗಳಿಗೇ ಹೆಸರಾಗಿತ್ತು. ಕಾರ್ಖಾನೆ ಈಗಿಲ್ಲ. ಆದರೆ ಪಂಪ್‌ಸೆಟ್ಟಿನ ಶಾಫ್ಟಿಗೆ, ಟ್ರ್ಯಾಕ್ಟರಿನ ಬುಷ್‌ಗೆ ಅಳತೆ ನೋಡಿ ಲೋಹ ಕಡೆಯುವವರು ತಾಲ್ಲೂಕು ತಾಲ್ಲೂಕಿನಲ್ಲೂ ಇದ್ದಾರೆ. ಮಾದರಿಯೇ ಇಲ್ಲದ ಭಾಗವನ್ನು ಹಳೆಯ ತುಂಡಿನಿಂದ ಅಳೆದು ಮಾಡಿಕೊಡುವ ಈ ವಿದ್ಯೆಯಿಲ್ಲದೆ ಯಾವ ಮಹಾರಾಜರ ಕಾರೂ ಎದ್ದು ನಿಲ್ಲುವುದಿಲ್ಲ. ಐಟಿಐಗೆ ಸೇರುತ್ತೇನೆಂದ ಮಗನ ಮುಂದೆ ಮುಖ ಸಣ್ಣದು ಮಾಡುವ ತಂದೆತಾಯಿಯರಿಗೆ ಇದನ್ನು ತಿಳಿಸಬೇಕು.

ಕಾರ್ಬ್ಯುರೇಟರ್ ಬಲ್ಲವರ ಸಂಖ್ಯೆಯಂತೂ ಕರಗುತ್ತಿದೆ. ಅಂಬಾಸಿಡರ್ ತಯಾರಿಕೆ 2014ರಲ್ಲಿ ನಿಂತಿತು. 2020ರ ಏಪ್ರಿಲ್‌ನಲ್ಲಿ ಬಿಎಸ್-6 ನಿಯಮ ಬಂದ ಮೇಲೆ ಹೊಸ ಬೈಕುಗಳಿಂದಲೂ ಕಾರ್ಬ್ಯುರೇಟರ್ ಬಹುಮಟ್ಟಿಗೆ ಮರೆಯಾಯಿತು. ಎಂಜಿನ್ನಿನ ಸದ್ದು ಕೇಳಿ ಸ್ಕ್ರೂ ತಿರುಗಿಸುತ್ತಿದ್ದ ಹಿರಿಯ ಮೆಕ್ಯಾನಿಕ್ಕರ ಜಾಗದಲ್ಲಿ ಈಗ ಸ್ಕ್ಯಾನರ್ ಹಿಡಿದ ಹುಡುಗರು. 1930ರ ಕಾರಿಗೆ ಸ್ಕ್ಯಾನರ್ ಚುಚ್ಚಲು ಜಾಗವೇ ಇಲ್ಲ!

ದುರಸ್ತಿಯಲ್ಲಿ ಅತಿ ಉತ್ಸಾಹವೂ ಅಪಾಯ. 1924ರ ಕಾರಿಗೆ ಫಳಫಳ ಕ್ರೋಮ್ ಲೇಪನ ಕೊಡಿಸುವವರುಂಟು. ಕಾರುಗಳಿಗೆ ಕ್ರೋಮ್ ಬಂದದ್ದು 1920ರ ದಶಕದ ಕೊನೆಯಲ್ಲಿ. ಅದಕ್ಕೆ ಮುಂಚೆ ಇದ್ದದ್ದು ತುಸು ಹಳದಿ ಛಾಯೆಯ ನಿಕಲ್. ಕನ್ನಡಿಯಂತೆ ಹೊಳೆಯಿತೆಂದು ಮಾಲೀಕ ಹಿಗ್ಗುತ್ತಾನೆ, ಬಲ್ಲವರು ಮುಖ ತಿರುಗಿಸುತ್ತಾರೆ.

ನೀರೂ ಗಮನಿಸಬೇಕಾದ್ದೇ. ಕೊಳವೆಬಾವಿಯ ಗಡಸು ನೀರು ಕಾಯಿಸಿದ ಪಾತ್ರೆಯಲ್ಲಿ ಕಟ್ಟುವ ಬಿಳಿ ಪೊರೆಯನ್ನು ಜಗಳೂರಿನ ಗೃಹಿಣಿಯರಿಗೆ ವಿವರಿಸಬೇಕಿಲ್ಲ. ರೇಡಿಯೇಟರಿಗೆ ಅದೇ ನೀರು ಸುರಿದರೆ ಅಲ್ಲೂ ಅದೇ ಪೊರೆ. ಅದು ಶಾಖವನ್ನು ಹೊರಹೋಗಲು ಬಿಡದು. ಹಾಗಾಗಿ ಬಟ್ಟಿ ಇಳಿಸಿದ ನೀರಿಗೆ ತುಕ್ಕು ತಡೆಯುವ ದ್ರವ ಬೆರೆಸಿ ಹಾಕುತ್ತಾರೆ.

ಈಗಿನ ದೊಡ್ಡ ತಲೆನೋವು ಪೆಟ್ರೋಲ್. 2025ರ ವೇಳೆಗೆ ದೇಶದ ಬಂಕುಗಳಿಗೆ ಶೇ 20ರಷ್ಟು ಎಥನಾಲ್ ಬೆರೆತ ಪೆಟ್ರೋಲ್ ಬಂತು. ಕಬ್ಬಿನಿಂದಷ್ಟೇ ಅಲ್ಲ, ಮೆಕ್ಕೆಜೋಳದಿಂದಲೂ ಎಥನಾಲ್ ತೆಗೆಯುತ್ತಾರೆ. ಮೆಕ್ಕೆಜೋಳ ಬೆಳೆಯುವ ಜಗಳೂರು, ಚನ್ನಗಿರಿಯ ರೈತರಿಗೆ ಬೇಡಿಕೆ ಹೆಚ್ಚುವುದು ಸಂತೋಷವೇ. ಹಳೆಯ ಕಾರಿಗೆ ಮಾತ್ರ ಅದು ಹಿತವಲ್ಲ. ಎಥನಾಲ್ ಗಾಳಿಯ ತೇವವನ್ನು ಹೀರುತ್ತದೆ. ಕಾರು ತಿಂಗಳುಗಟ್ಟಲೆ ನಿಂತಾಗ ನೀರಿನ ಅಂಶ ಮಿತಿ ಮೀರಿದರೆ, ನೀರೂ ಎಥನಾಲೂ ಕೂಡಿ ಪೆಟ್ರೋಲಿನಿಂದ ಬೇರೆಯಾಗಿ ಟ್ಯಾಂಕಿನ ತಳಕ್ಕಿಳಿಯುತ್ತವೆ. ಅಲ್ಲಿ ತುಕ್ಕು ಶುರು. ಹಳೆಯ ರಬ್ಬರ್ ಪೈಪು, ಬೆಂಡಿನ ವಾಷರ್‌ಗಳೂ ಉಬ್ಬಿ ಹಾಳಾಗಬಹುದು. ಆದ್ದರಿಂದ ಎಥನಾಲ್ ತಾಳುವ ಪೈಪು ಹಾಕಿಸಿ, ಕಾರು ಬಹುಕಾಲ ನಿಲ್ಲುವುದಾದರೆ ಟ್ಯಾಂಕನ್ನು ಬರಿದು ಮಾಡಿ ಇಡುತ್ತಾರೆ. ಆಕ್ಟೇನ್ ಚಿಂತೆಯಂತೂ ಬೇಡ. ಆ ಎಂಜಿನ್ನುಗಳು ಮಿಶ್ರಣವನ್ನು ಇಂದಿನವುಗಳಷ್ಟು ಬಲವಾಗಿ ಒತ್ತುವುದಿಲ್ಲ, ಕಡಿಮೆ ಆಕ್ಟೇನಿನಲ್ಲೂ ತಣ್ಣಗೆ ಓಡುತ್ತವೆ.

ಕಾನೂನು ಈ ಮುದುಕರನ್ನು ಮರೆತಿಲ್ಲ. 2021ರ ಜುಲೈನಲ್ಲಿ ಕೇಂದ್ರ ಸರ್ಕಾರ ತಂದ ನಿಯಮದಂತೆ, 50 ವರ್ಷ ದಾಟಿದ, ಮೂಲರೂಪ ಕಳೆದುಕೊಳ್ಳದ ವಾಹನವನ್ನು ವಿಂಟೇಜ್ ಎಂದು ನೋಂದಾಯಿಸಬಹುದು. ಹೊಸ ನೋಂದಣಿಗೆ ಶುಲ್ಕ 20,000 ರೂಪಾಯಿ, ಅವಧಿ 10 ವರ್ಷ. ನಂಬರಿನ ನಡುವೆ ‘ವಿಎ’ ಅಕ್ಷರಗಳು ಬರುತ್ತವೆ. ಪ್ರದರ್ಶನ, ರ‍್ಯಾಲಿ, ತಾಂತ್ರಿಕ ಸಂಶೋಧನೆ, ಇಂಧನ ಮತ್ತು ರಿಪೇರಿಗೆಂದು ರಸ್ತೆಗಿಳಿಸಬಹುದು. ದಿನಾ ಸಂತೆಗೆ ಹೋಗಿ ಬರುವಂತಿಲ್ಲ.

ಹಾಗಾದರೆ ಆ ಹುಡುಗ ಕೇಳಿದ ಕಾರು ಓಡುತ್ತದೆಯೇ? ಆಗಾಗ ಓಡಿಸಿದರೆ ಓಡುತ್ತದೆ. ನಿಂತಲ್ಲೇ ನಿಂತರೆ ಟೈರು ಒಂದೇ ಕಡೆ ಚಪ್ಪಟೆಯಾಗುತ್ತದೆ, ಆಯಿಲ್ ಕೆಳಗಿಳಿದು ಬೇರಿಂಗ್ ಒಣಗುತ್ತದೆ. ಹಲವು ತಿಂಗಳ ಮೇಲೆ ಎಬ್ಬಿಸುವಾಗ ಇಗ್ನಿಷನ್ ಹಾಕದೆಯೇ ಕೈಯಿಂದ ಎಂಜಿನ್ನನ್ನು ನಾಲ್ಕಾರು ಸುತ್ತು ತಿರುಗಿಸಿ, ಆಯಿಲ್ ಮೇಲೇರಲು ಬಿಡುತ್ತಾರೆ. ಆಮೇಲೆ ಸ್ಟಿಯರಿಂಗ್ ಬಳಿಯ ಸನ್ನೆಯಿಂದ ಕಿಡಿ ಹಾರುವ ಗಳಿಗೆಯನ್ನು ಹಿಂದಕ್ಕೆ ಸರಿಸಿ, ಹ್ಯಾಂಡಲ್ ಹಿಡಿಯುತ್ತಾರೆ. ಹೆಬ್ಬೆರಳನ್ನು ಹ್ಯಾಂಡಲಿನ ಸುತ್ತ ಬಳಸದೆ ಉಳಿದ ಬೆರಳುಗಳ ಪಕ್ಕದಲ್ಲೇ ಇಡಬೇಕು. ಎಂಜಿನ್ ಹಿಮ್ಮುಖವಾಗಿ ಒದ್ದರೆ ಹೆಬ್ಬೆರಳು ಮುರಿದೀತು. ಕೆಳಗಿನಿಂದ ಮೇಲಕ್ಕೆ ಒಂದೇ ಎಳೆತ. ಎಂಜಿನ್ ಹಿಡಿದುಕೊಂಡ ಕೂಡಲೇ ಡ್ರೈವರ್ ಮೊದಲು ನೋಡುವುದು ಆಯಿಲ್ ಒತ್ತಡದ ಮುಳ್ಳನ್ನು. ಅದು ಏಳದಿದ್ದರೆ ಎಂಜಿನ್ನನ್ನು ಆ ಕ್ಷಣವೇ ನಿಲ್ಲಿಸುತ್ತಾನೆ.