ಪೊಲೀಸರಿಂದ ಅಪರಾಧ ಇಳಿಯುವುದೇ?

ಕಳ್ಳನೊಬ್ಬ ಸಿಕ್ಕಿಬಿದ್ದ ಸುದ್ದಿಯನ್ನು ಬೆಳಗಿನ ಪತ್ರಿಕೆಯಲ್ಲಿ ಓದಿದಾಗ ನಮಗೆಲ್ಲರಿಗೂ ಒಂದು ಬಗೆಯ ನೆಮ್ಮದಿ ಉಂಟಾಗುತ್ತದೆ. ಆದರೆ ಕಳ್ಳ ಸಿಕ್ಕಿಬೀಳುವುದಕ್ಕೂ ಊರಿನಲ್ಲಿ ಕಳ್ಳತನ ಕಡಿಮೆಯಾಗುವುದಕ್ಕೂ ಇರುವ ನಂಟು ನಾವು ಭಾವಿಸಿದಷ್ಟು ಸರಳವಾದುದಲ್ಲ. ನಮ್ಮ ದಾವಣಗೆರೆ ಜಿಲ್ಲೆಯಲ್ಲಿ ಈಚಿನ ವರ್ಷಗಳಲ್ಲಿ ನಡೆದ ಕೆಲವು ಘಟನೆಗಳನ್ನು ಒಂದರ ಪಕ್ಕದಲ್ಲೊಂದು ಇಟ್ಟು ನೋಡಿದರೆ ಈ ಮಾತು ಮನದಟ್ಟಾಗುತ್ತದೆ. ಪೊಲೀಸ್ ಠಾಣೆಯ ಮೆಟ್ಟಿಲು ಹತ್ತುವುದೆಂದರೆ ಇಂದಿಗೂ ಅಳುಕುವ ನಮ್ಮ ಕುಟುಂಬಗಳಿಗೆ ಈ ವಿಚಾರ ದೂರದ್ದೇನೂ ಅಲ್ಲ.

ಮೊದಲು ನ್ಯಾಮತಿಯ ಸಂಗತಿ. 2024ರ ಅಕ್ಟೋಬರ್ ತಿಂಗಳ ನಾಲ್ಕನೆಯ ಶನಿವಾರ ಮತ್ತು ಅದರ ಮರುದಿನದ ಭಾನುವಾರ, ಎರಡು ದಿನ ಬ್ಯಾಂಕಿಗೆ ರಜೆ. ಸೋಮವಾರ, 28ನೆಯ ತಾರೀಖು, ಅಲ್ಲಿನ ಸ್ಟೇಟ್ ಬ್ಯಾಂಕ್ ಶಾಖೆಯ ಬಾಗಿಲು ತೆರೆದಾಗ ಕಿಟಕಿಯ ಸರಳುಗಳನ್ನು ಕತ್ತರಿಸಿ ಯಾರೋ ಒಳನುಗ್ಗಿರುವುದು ಕಂಡುಬಂತು. ಗ್ಯಾಸ್ ಕಟರ್‌ನಿಂದ ಲಾಕರ್ ಕೊರೆದು, ಗ್ರಾಹಕರು ಅಡವಿಟ್ಟಿದ್ದ ಸುಮಾರು 17 ಕಿಲೋ 700 ಗ್ರಾಂ ಬಂಗಾರವನ್ನು ಹೊತ್ತೊಯ್ಯಲಾಗಿತ್ತು. ಅಂದಿನ ಬೆಲೆಯಲ್ಲಿ ಅದು ಹೆಚ್ಚು ಕಡಿಮೆ 13 ಕೋಟಿ ರೂಪಾಯಿ. ಕಳ್ಳರು ಸಿಸಿ ಕ್ಯಾಮೆರಾದ ದೃಶ್ಯಗಳು ದಾಖಲಾಗುವ ಪೆಟ್ಟಿಗೆಯನ್ನೇ ಕಿತ್ತುಕೊಂಡು ಹೋಗಿದ್ದರು. ಶ್ವಾನದಳಕ್ಕೆ ವಾಸನೆ ಸಿಗದಿರಲೆಂದು ಖಾರದ ಪುಡಿಯನ್ನೂ ಎರಚಿದ್ದರು.

ಬ್ಯಾಂಕಿನಲ್ಲಿ ಅಡವಿಟ್ಟ ಬಂಗಾರವೆಂದರೆ ಏನೆಂಬುದನ್ನು ನಮ್ಮ ಓದುಗರಿಗೆ ವಿವರಿಸಬೇಕಾಗಿಲ್ಲ. ಅಡಿಕೆ ತೋಟಕ್ಕೆ ಕೊಳವೆಬಾವಿ ಕೊರೆಸಲು, ಮೆಕ್ಕೆಜೋಳದ ಬಿತ್ತನೆಗೆ ಗೊಬ್ಬರ ಕೊಳ್ಳಲು, ಮಗಳ ಕಾಲೇಜಿನ ಶುಲ್ಕ ಕಟ್ಟಲು ತಾಯಿಯೊಬ್ಬಳು ಕೊರಳಿನಿಂದ ಬಿಚ್ಚಿಕೊಟ್ಟ ಸರ ಅದು. ಅದರ ಬೆಲೆಯನ್ನು ಬ್ಯಾಂಕು ತುಂಬಿಕೊಡಬಹುದು. ಅಜ್ಜಿಯಿಂದ ಬಂದ ಅದೇ ಸರವನ್ನು ಯಾವ ಬ್ಯಾಂಕೂ ತಂದುಕೊಡಲಾರದು. ಸುಳಿವೇ ಇಲ್ಲದ ಈ ಪ್ರಕರಣದಲ್ಲಿ ಐದು ತಿಂಗಳು ಕಳೆದುಹೋದವು.

2025ರ ಮಾರ್ಚ್ ತಿಂಗಳ ಕೊನೆಗೆ ಪೊಲೀಸರು ಆರು ಮಂದಿಯ ಬಂಧನವನ್ನು ಪ್ರಕಟಿಸಿದರು. ಜಿಲ್ಲಾ ಪೊಲೀಸ್ ವರಿಷ್ಠಾಧಿಕಾರಿಯಾಗಿದ್ದ ಉಮಾ ಪ್ರಶಾಂತ್ ಅವರ ನೇತೃತ್ವದ ತಂಡಗಳು ತಮಿಳುನಾಡಿನ ಮಧುರೈ ಜಿಲ್ಲೆಯ ಉಸಿಲಂಪಟ್ಟಿಯವರೆಗೆ ಜಾಡು ಹಿಡಿದು ಹೋಗಿದ್ದವು. ಕದ್ದ ಬಂಗಾರದ ಬಹುಪಾಲು ಅಲ್ಲಿನ ತೋಟದ ಮನೆಯೊಂದರ ಬಳಿ, ಸುಮಾರು 30 ಅಡಿ ಆಳದ ಬಾವಿಯ ತಳದಲ್ಲಿತ್ತು. ಈಜುಗಾರರನ್ನು ಇಳಿಸಿ ಅದನ್ನು ಮೇಲೆತ್ತಲಾಯಿತು. ಪೊಲೀಸರು ಹೇಳುವ ಪ್ರಕಾರ, ಮುಖ್ಯ ಆರೋಪಿ ನ್ಯಾಮತಿಯಲ್ಲೇ ಸಿಹಿತಿಂಡಿಯ ಅಂಗಡಿ ನಡೆಸುತ್ತಿದ್ದವನು. 2023ರಲ್ಲಿ ಇದೇ ಬ್ಯಾಂಕಿಗೆ 15 ಲಕ್ಷ ರೂಪಾಯಿ ಸಾಲಕ್ಕೆ ಅರ್ಜಿ ಹಾಕಿ ನಿರಾಕರಣೆಗೊಳಗಾದವನು. ವಿದೇಶದ ಧಾರಾವಾಹಿಯೊಂದನ್ನು ನೋಡಿ ಯೋಜನೆ ಹೂಡಿದವನು. ದೂರದ ಯಾವುದೋ ರಾಜ್ಯದ ದರೋಡೆಕೋರರ ತಂಡವೇ ಇರಬೇಕೆಂದು ಊಹಿಸಿದವರಿಗೆ, ಊರಿನ ಬೀದಿಯಲ್ಲಿ ಮೈಸೂರುಪಾಕು ಕಟ್ಟಿಕೊಡುತ್ತಿದ್ದ ಅಂಗಡಿಯವನ ಮೇಲೆ ಆರೋಪ ಬಂದದ್ದು ಎಂತಹ ಆಘಾತವಾಗಿರಬೇಕೆಂಬುದನ್ನು ಊಹಿಸಬಹುದು. ಆರೋಪವು ನಿಜವೋ ಅಲ್ಲವೋ ಎಂಬುದನ್ನು ತೀರ್ಮಾನಿಸಬೇಕಾದುದು ನ್ಯಾಯಾಲಯವೇ ಹೊರತು ನಾವಲ್ಲ.

ನಮ್ಮ ಜಿಲ್ಲೆಯ ಪೊಲೀಸರ ಕೀರ್ತಿಯಲ್ಲಿ ಮೂಕಪ್ರಾಣಿಗಳ ಪಾಲೂ ಇದೆ. 2019ರ ಜುಲೈನಲ್ಲಿ ಚನ್ನಗಿರಿ ತಾಲ್ಲೂಕಿನ ಸೂಳೆಕೆರೆಯ ಬಳಿ ನಡೆದ ಕೊಲೆಯೊಂದರಲ್ಲಿ ತುಂಗಾ ಎಂಬ ಶ್ವಾನ ಸುಮಾರು 12 ಕಿಲೋಮೀಟರ್ ಓಡಿ ಆರೋಪಿಯ ಜಾಡನ್ನು ತೋರಿಸಿಕೊಟ್ಟಿತು. ಐದು ವರ್ಷಗಳ ಬಳಿಕ, 2024ರ ಜುಲೈನಲ್ಲಿ, ಸಂತೇಬೆನ್ನೂರಿನ ಕೊಲೆ ಪ್ರಕರಣದಲ್ಲಿ ಅದೇ ಹೆಸರನ್ನು ಪಡೆದ ಎರಡನೆಯ ತುಂಗಾ ಮಳೆಯ ರಾತ್ರಿಯಲ್ಲಿ 8 ಕಿಲೋಮೀಟರ್ ಓಡಿತು. ಅದರ ಬೆನ್ನಹಿಂದೆ ಓಡಿದ ಪೊಲೀಸರು ಮನೆಯೊಂದರ ಬಾಗಿಲು ತೆರೆಸಿದಾಗ ಒಳಗೆ ಮಹಿಳೆಯೊಬ್ಬಳು ಏಟು ತಿನ್ನುತ್ತಿದ್ದಳು. ಒಂದು ಕೊಲೆಯ ತನಿಖೆ ಮತ್ತೊಂದು ಕೊಲೆಯನ್ನು ತಪ್ಪಿಸಿದ ಅಪರೂಪದ ಪ್ರಸಂಗವಿದು. ಸಾಮಾನ್ಯವಾಗಿ ತನಿಖೆಯಿಂದ ಯಾರ ಪ್ರಾಣ ಉಳಿಯಿತೆಂಬುದು ನಮಗೆ ತಿಳಿಯುವುದೇ ಇಲ್ಲ. ನಡೆಯದೆ ಹೋದ ಅಪರಾಧಕ್ಕೆ ಕಡತವೆಲ್ಲಿಯದು?

ಶಿಕ್ಷೆಯ ಕಾಠಿಣ್ಯಕ್ಕಿಂತ ಸಿಕ್ಕಿಬೀಳುವುದು ಖಚಿತವೆಂಬ ಅರಿವೇ ಮನುಷ್ಯನನ್ನು ತಡೆಯುತ್ತದೆಂದು ಮಿಲಾನ್ ನಗರದ ಚೆಸಾರೆ ಬೆಕ್ಕಾರಿಯ 1764ರಷ್ಟು ಹಿಂದೆಯೇ ಬರೆದಿದ್ದನು. ಚಿತ್ರಹಿಂಸೆಯನ್ನೂ ಮರಣದಂಡನೆಯನ್ನೂ ವಿರೋಧಿಸಿದ ಆತನ ಗ್ರಂಥವನ್ನು ಎರಡೇ ವರ್ಷಗಳಲ್ಲಿ ನಮ್ಮ ಧರ್ಮಸಭೆ ನಿಷಿದ್ಧ ಗ್ರಂಥಗಳ ಪಟ್ಟಿಗೆ ಸೇರಿಸಿತು ಎಂಬುದನ್ನು ಇಲ್ಲಿ ಮರೆಮಾಚುವುದು ಸಲ್ಲದು. 2018ರಲ್ಲಿ ಜಗದ್ಗುರು ಫ್ರಾನ್ಸಿಸರು ಮರಣದಂಡನೆಯನ್ನು ಒಪ್ಪಲಾಗದೆಂದು ಧರ್ಮೋಪದೇಶದ ಪಾಠವನ್ನೇ ತಿದ್ದಿಸಿದರು. ಬೆಕ್ಕಾರಿಯನ ಮಾತು ನಮ್ಮ ಮನೆಬಾಗಿಲಿಗೆ ಬರಲು ಎರಡೂವರೆ ಶತಮಾನ ಹಿಡಿಯಿತು. ಅಪರಾಧಶಾಸ್ತ್ರದ ನಂತರದ ಅಧ್ಯಯನಗಳು ಮಾತ್ರ ಬಹುಮಟ್ಟಿಗೆ ಅವನ ಪಕ್ಷದಲ್ಲಿಯೇ ನಿಂತಿವೆ. ಉಸಿಲಂಪಟ್ಟಿಯ ಬಾವಿಯಿಂದ ಮೇಲೆ ಬಂದ ಬಂಗಾರ ಮುಂದಿನ ಕಳ್ಳನಿಗೆ ಹೇಳುವ ಮಾತೂ ಇದೇ: ಐದು ತಿಂಗಳಾದರೂ, ರಾಜ್ಯದ ಗಡಿ ದಾಟಿದರೂ ಹುಡುಕಿಕೊಂಡು ಬರುವವರಿದ್ದಾರೆ.

ಹಾಗಿದ್ದರೆ ಬೀದಿಬೀದಿಗೂ ಪೊಲೀಸ್ ಜೀಪು ಓಡಾಡಿಸಿದರೆ ಸಾಕಲ್ಲವೇ? ಸರಸ್ವತಿ ನಗರದಂತಹ ಬಡಾವಣೆಗಳ ನಿವಾಸಿಗಳು ಮೊದಲು ಕೇಳುವುದೂ ರಾತ್ರಿ ಗಸ್ತನ್ನೇ. ಅಮೆರಿಕದ ಕಾನ್ಸಾಸ್ ನಗರದಲ್ಲಿ 1972-73ರಲ್ಲಿ ಇದನ್ನು ಪರೀಕ್ಷಿಸಿ ನೋಡಿದರು. ಹದಿನೈದು ಗಸ್ತು ಪ್ರದೇಶಗಳನ್ನು ಆಯ್ದು, ಐದರಲ್ಲಿ ವಾಡಿಕೆಯ ಗಸ್ತನ್ನು ನಿಲ್ಲಿಸಿದರು, ಐದರಲ್ಲಿ ಎಂದಿನಂತೆ ಮುಂದುವರಿಸಿದರು, ಉಳಿದ ಐದರಲ್ಲಿ ಎರಡು ಮೂರು ಪಟ್ಟು ಹೆಚ್ಚಿಸಿದರು. ವರ್ಷದ ಕೊನೆಗೆ ಅಪರಾಧದ ಪ್ರಮಾಣದಲ್ಲಾಗಲಿ ಜನರ ಭಯದಲ್ಲಾಗಲಿ ಹೇಳಿಕೊಳ್ಳುವಂತಹ ವ್ಯತ್ಯಾಸ ಕಾಣಲಿಲ್ಲ. ಗುರಿಯಿಲ್ಲದೆ ಜೀಪು ಸುತ್ತಿದರೆ ಡೀಸೆಲ್ ಖರ್ಚಾಗುತ್ತದೆ, ಅಷ್ಟೆ. ಆದರೆ 1980ರ ದಶಕದ ಕೊನೆಗೆ ಮಿನಿಯಾಪೊಲಿಸ್ ನಗರದಲ್ಲಿ ಲೆಕ್ಕ ಹಾಕಿದಾಗ, ಪೊಲೀಸರಿಗೆ ಬರುವ ಕರೆಗಳಲ್ಲಿ ಅರ್ಧದಷ್ಟು ಕೇವಲ ಶೇಕಡಾ 3ರಷ್ಟು ವಿಳಾಸಗಳಿಂದಲೇ ಬರುತ್ತಿದ್ದುದು ಕಂಡುಬಂತು. ಅಂತಹ ಮೂಲೆಗಳಲ್ಲಿ ಮಾತ್ರ ಕಾವಲು ಹೆಚ್ಚಿಸಿದಾಗ ಅಪರಾಧದ ಕರೆಗಳು ಇಳಿದವು. ನಮ್ಮಲ್ಲಿಯೂ ಬಸ್ ನಿಲ್ದಾಣ, ಸಂತೆ, ವೈನ್ ಶಾಪಿನ ಹಿಂದಿನ ಓಣಿ, ದೀಪವಿಲ್ಲದ ರೈಲ್ವೆ ಕೆಳಸೇತುವೆ ಎಂದು ಯಾರನ್ನು ಕೇಳಿದರೂ ಬೆರಳು ಮಾಡಿ ತೋರಿಸುವ ಜಾಗಗಳಿವೆಯಲ್ಲವೇ?

ರಾಜಸ್ಥಾನದಲ್ಲಿ ನಡೆದ ಒಂದು ಪ್ರಯೋಗ ನಮಗೆ ಇನ್ನೂ ಹತ್ತಿರದ್ದು. ಕುಡಿದು ವಾಹನ ಓಡಿಸುವವರನ್ನು ಹಿಡಿಯಲು ರಾತ್ರಿ ತಪಾಸಣೆ ಇಟ್ಟಾಗ, ಪ್ರತಿದಿನ ಒಂದೇ ಸ್ಥಳದಲ್ಲಿ ನಿಂತರೆ ಗಮನಾರ್ಹ ಫಲ ದೊರೆಯಲಿಲ್ಲ. ಚಾಲಕರು ಬೇರೆ ದಾರಿ ಹಿಡಿದರು. ಸ್ಥಳವನ್ನು ಬದಲಿಸುತ್ತ ಹೋದಾಗ ರಾತ್ರಿ ಅಪಘಾತಗಳು ಶೇಕಡಾ 17ರಷ್ಟು, ಸಾವುಗಳು ಶೇಕಡಾ 25ರಷ್ಟು ಇಳಿದವು. ಅದೇ ರಾಜ್ಯದ ಠಾಣೆಗಳಲ್ಲಿ ಅದಕ್ಕೂ ಮುನ್ನ ನಡೆದ ಮತ್ತೊಂದು ಅಧ್ಯಯನದಲ್ಲಿ, ದೂರು ಕೊಡಲು ಬಂದವರೊಡನೆ ಸೌಜನ್ಯದಿಂದ ವರ್ತಿಸುವ ತರಬೇತಿಯನ್ನು ಸಿಬ್ಬಂದಿಗೆ ನೀಡಿ, ಅವರನ್ನು ಮನಬಂದಂತೆ ವರ್ಗಾಯಿಸುವುದನ್ನು ತಡೆದಾಗ ಜನರ ತೃಪ್ತಿ ಹೆಚ್ಚಿತು. ಠಾಣಾಧಿಕಾರಿಗೆ ಕನಿಷ್ಠ ಎರಡು ವರ್ಷಗಳ ಅವಧಿ ಇರಬೇಕೆಂದು ಸರ್ವೋಚ್ಚ ನ್ಯಾಯಾಲಯ ಪ್ರಕಾಶ್ ಸಿಂಗ್ ಪ್ರಕರಣದಲ್ಲಿ 2006ರಲ್ಲಿಯೇ ಆದೇಶಿಸಿತ್ತು. ಊರಿನ ಓಣಿಗಳ ಪರಿಚಯವಾಗುವ ಮೊದಲೇ ಗಂಟುಮೂಟೆ ಕಟ್ಟುವ ಅಧಿಕಾರಿಯಿಂದ ಏನನ್ನು ನಿರೀಕ್ಷಿಸಲು ಸಾಧ್ಯ?

ಇನ್ನು ಅಂಕಿ ಅಂಶಗಳ ಮಾತು. ರಾಷ್ಟ್ರೀಯ ಅಪರಾಧ ದಾಖಲೆಗಳ ಬ್ಯೂರೋ ಪ್ರಕಟಿಸುವ ಅಪರಾಧ ದರವೆಂದರೆ ಒಂದು ಲಕ್ಷ ಜನಸಂಖ್ಯೆಗೆ ಎಷ್ಟು ಪ್ರಕರಣ ದಾಖಲಾದವು ಎಂಬ ಲೆಕ್ಕ. ನಡೆದ ಅಪರಾಧಗಳ ಲೆಕ್ಕ ಅದಲ್ಲ, ಬರೆದುಕೊಂಡ ಅಪರಾಧಗಳದು. ದೂರು ಕೊಡಲು ಬಂದವರನ್ನು ಗದರಿಸಿ ಕಳುಹಿಸುವ ಠಾಣೆಯ ಪುಸ್ತಕದಲ್ಲಿ ಊರು ರಾಮರಾಜ್ಯದಂತೆ ಕಂಡೀತು. ಕುರ್ಚಿ ಕೊಟ್ಟು ಕೂರಿಸಿ ಬರೆದುಕೊಳ್ಳುವ ಠಾಣೆಯಲ್ಲಿ ಅಪರಾಧ ಏರಿದಂತೆ ಕಂಡೀತು. ಸಂಜ್ಞೇಯ ಅಪರಾಧದ ಮಾಹಿತಿ ಬಂದಾಗ ಪ್ರಥಮ ವರ್ತಮಾನ ವರದಿಯನ್ನು ದಾಖಲಿಸುವುದು ಕಡ್ಡಾಯವೆಂದು 2013ರಲ್ಲಿ ಲಲಿತಾ ಕುಮಾರಿ ಪ್ರಕರಣದಲ್ಲಿ ತೀರ್ಪಾಗಿದೆ. ಆದ್ದರಿಂದ ಈ ವರ್ಷ ಪ್ರಕರಣಗಳು ಹೆಚ್ಚಿದವೆಂದು ಯಾರಾದರೂ ಗಾಬರಿಪಡಿಸಿದರೆ, ಅಥವಾ ಇಳಿದವೆಂದು ಬೆನ್ನು ತಟ್ಟಿಕೊಂಡರೆ, ಎರಡನ್ನೂ ತುಸು ಅನುಮಾನದಿಂದಲೇ ನೋಡಬೇಕಾಗುತ್ತದೆ.

ಇಲ್ಲಿ ಹರಿಹರದವರಿಗೆ ವಿಶೇಷವಾಗಿ ಸಂಬಂಧಿಸಿದ ಒಂದು ಮಾತನ್ನು ಹೇಳಬೇಕು. ತುಂಗಭದ್ರೆಯ ಈಚೆ ದಡ ದಾವಣಗೆರೆ ಜಿಲ್ಲೆ, ಸೇತುವೆ ದಾಟಿದರೆ ಹಾವೇರಿ ಜಿಲ್ಲೆಯ ರಾಣೆಬೆನ್ನೂರು ತಾಲ್ಲೂಕು. ಕುಮಾರಪಟ್ಟಣದ ಕಾರ್ಖಾನೆಯಿಂದ ರಾತ್ರಿ ಪಾಳಿ ಮುಗಿಸಿ ಬರುವವನ ಮೊಬೈಲು ಆಚೆ ದಡದಲ್ಲಿ ಕಸಿದುಹೋದರೆ ಯಾವ ಠಾಣೆಗೆ ಹೋಗಬೇಕು? ‘ಅದು ನಮ್ಮ ಸರಹದ್ದಲ್ಲ’ ಎಂಬ ಉತ್ತರಕ್ಕೆ ಈಗ ಕಾನೂನಿನಲ್ಲಿ ಜಾಗವಿಲ್ಲ. 2024ರ ಜುಲೈ 1ರಿಂದ ಜಾರಿಗೆ ಬಂದ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 173ನೆಯ ಕಲಮಿನ ಪ್ರಕಾರ, ಅಪರಾಧ ಎಲ್ಲಿಯೇ ನಡೆದಿರಲಿ, ಯಾವ ಠಾಣೆಯಲ್ಲಿಯಾದರೂ ಮಾಹಿತಿ ನೀಡಬಹುದು. ಮೊಬೈಲ್ ಮೂಲಕವೂ ದೂರು ಕಳುಹಿಸಿ ಮೂರು ದಿನಗಳೊಳಗೆ ಸಹಿ ಹಾಕಬಹುದು. ದಾಖಲಾದ ವರದಿಯ ಪ್ರತಿಯನ್ನು ದೂರುದಾರನಿಗೆ ಉಚಿತವಾಗಿ ಕೊಡಬೇಕು.

ಆದರೆ ಪೊಲೀಸರು ಪರಿಣಾಮಕಾರಿಯಾಗಬೇಕೆಂಬ ಆತುರದಲ್ಲಿ ನಾವು ಅವರ ಕೈಗೆ ಲಂಗುಲಗಾಮಿಲ್ಲದ ಅಧಿಕಾರವನ್ನು ಕೊಟ್ಟರೆ ಆಗುವುದೇನು? 2024ರ ಮೇ 24ರ ರಾತ್ರಿಯನ್ನು ಚನ್ನಗಿರಿಯವರು ಮರೆತಿರಲಾರರು. ಮಟ್ಕಾ ಆಡಿಸಿದ ಆರೋಪದ ಮೇಲೆ ಠಾಣೆಗೆ ಕರೆತಂದ ಯುವಕನೊಬ್ಬ ಸಾವನ್ನಪ್ಪಿದ. ಅನಾರೋಗ್ಯವೇ ಕಾರಣವೆಂದು ಪೊಲೀಸರು, ಠಾಣೆಯಲ್ಲಿ ಹೊಡೆದದ್ದೇ ಕಾರಣವೆಂದು ಬಂಧುಗಳು. ಕೆರಳಿದ ಗುಂಪು ಠಾಣೆಯ ಮೇಲೆ ಕಲ್ಲು ತೂರಿತು, ವಾಹನಗಳನ್ನು ಜಖಂಗೊಳಿಸಿತು, ಪೊಲೀಸರು ಗಾಯಗೊಂಡರು. ಇಬ್ಬರು ಅಧಿಕಾರಿಗಳು ಅಮಾನತುಗೊಂಡರು, ತನಿಖೆ ಸಿಐಡಿಗೆ ಹೋಯಿತು. ಕಲ್ಲು ತೂರಿದ್ದನ್ನು ನಾವು ಸಮರ್ಥಿಸುವುದಿಲ್ಲ. ಬಂಧನದ ವೇಳೆ ಪಾಲಿಸಬೇಕಾದ ನಿಯಮಗಳನ್ನು ಡಿ.ಕೆ. ಬಸು ಪ್ರಕರಣದಲ್ಲಿ ಸರ್ವೋಚ್ಚ ನ್ಯಾಯಾಲಯ 1996ರಲ್ಲಿಯೇ ಬರೆದುಕೊಟ್ಟಿದ್ದರೂ, ಒಬ್ಬ ಬಡವನನ್ನು ಠಾಣೆಗೆ ಕರೆದೊಯ್ದರೆಂದೊಡನೆ ಅವನ ಮನೆಯವರ ಎದೆ ನಡುಗುವ ಸ್ಥಿತಿ ಇನ್ನೂ ಇರುವುದೇ ದೊಡ್ಡ ನಷ್ಟ. ನ್ಯಾಮತಿ, ಸಂತೇಬೆನ್ನೂರು, ಚನ್ನಗಿರಿ ಮೂರೂ ಒಂದೇ ಜಿಲ್ಲಾ ಪೊಲೀಸ್ ವ್ಯವಸ್ಥೆಗೆ ಸೇರಿದವು, ಮೂರೂ ಒಂದೇ ವರ್ಷದ ಘಟನೆಗಳು. ಹೊಗಳುವವರೂ ತೆಗಳುವವರೂ ಇದನ್ನು ನೆನಪಿಡುವುದು ಒಳ್ಳೆಯದು. ಸುಳಿವು ಕೊಡುವವರು ಜನರೇ. ಹೆದರಿದ ಜನ ಸುಳಿವು ಕೊಡಲಾರರು. ಸುಳಿವಿಲ್ಲದ ಪೊಲೀಸರ ಕೈಯಲ್ಲಿ ಉಳಿಯುವುದು ಲಾಠಿಯೊಂದೇ.

ನಮ್ಮ ಕುಟುಂಬಗಳಲ್ಲಿಯೂ ಹೇಳದೆ ಉಳಿಯುವ ಅಪರಾಧಗಳು ಕಡಿಮೆಯೇನಲ್ಲ. ಕುಡಿದು ಬಂದು ಹೆಂಡತಿಯನ್ನು ಹೊಡೆಯುವವನ ಮನೆಯ ಗೋಡೆಗಳು ನೆರೆಯವರಿಗೆ ಎಲ್ಲವನ್ನೂ ಹೇಳುತ್ತವೆ. ಭಾನುವಾರದ ಬಲಿಪೂಜೆಯಲ್ಲಿ ಆಕೆ ತಲೆಯ ಮೇಲಿನ ಸೆರಗನ್ನು ತುಸು ಮುಂದಕ್ಕೆ ಎಳೆದುಕೊಂಡಿರುತ್ತಾಳೆ. ನಾವು ಕಂಡೂ ಕಾಣದಂತೆ ‘ಅಮ್ಮಾ, ಚೆನ್ನಾಗಿದ್ದೀರಾ’ ಎಂದು ಕೇಳಿ ಮುಂದೆ ಹೋಗುತ್ತೇವೆ. ಮೊಬೈಲಿನಲ್ಲಿ ಪೊಲೀಸ್ ವೇಷ ತೋರಿಸಿ ‘ಡಿಜಿಟಲ್ ಅರೆಸ್ಟ್’ ಎಂದು ಹೆದರಿಸಿ ನಿವೃತ್ತರ ಉಳಿತಾಯವನ್ನು ದೋಚುವವರೂ ನೆಚ್ಚಿಕೊಂಡಿರುವುದು ಇದೇ ನಾಚಿಕೆಯನ್ನು. ಅಂತಹ ಬಂಧನ ನಮ್ಮ ಕಾನೂನಿನಲ್ಲಿ ಇಲ್ಲವೇ ಇಲ್ಲ. ಹಣ ಹೋದ ತಕ್ಷಣ 1930ಕ್ಕೆ ಕರೆ ಮಾಡಿದರೆ ಅದನ್ನು ಮಧ್ಯದಲ್ಲಿಯೇ ತಡೆಹಿಡಿಯುವ ಸಾಧ್ಯತೆಯಿರುತ್ತದೆ. ಮಕ್ಕಳು ಬೈದಾರೆಂದು ಎರಡು ದಿನ ಸುಮ್ಮನಿದ್ದರೆ ಆ ಸಾಧ್ಯತೆ ಕರಗುತ್ತ ಹೋಗುತ್ತದೆ. ಹೊಡೆತ, ಬಡಿತ, ಬೆದರಿಕೆಗಳಿಗೆ 112 ಇದೆ.

2025ರ ಜುಲೈನಲ್ಲಿ ರಾಜ್ಯ ಸರ್ಕಾರ ‘ಮನೆ ಮನೆಗೆ ಪೊಲೀಸ್’ ಎಂಬ ಯೋಜನೆಯನ್ನು ಆರಂಭಿಸಿತು. ಬಡಾವಣೆಯ ಮನೆಗಳನ್ನು ಗುಂಪುಗಳಾಗಿ ವಿಂಗಡಿಸಿ, ಬೀಟ್ ಸಿಬ್ಬಂದಿ ತಾವೇ ಬಾಗಿಲಿಗೆ ಬಂದು ಅಹವಾಲು ಕೇಳಬೇಕೆಂಬುದು ಅದರ ಕ್ರಮ. ಹಳೆಯ ಬೀಟ್ ಪದ್ಧತಿಯನ್ನೇ ಇನ್ನೊಂದು ರೂಪದಲ್ಲಿ ತಂದಿದ್ದಾರೆಂದು ಹೇಳಬಹುದು. ಆದರೂ ಕಾನ್ಸಾಸ್‌ನ ಜೀಪಿಗಿಂತ ನಡೆದು ಬರುವ ಪೇದೆಯೇ ಮೇಲೆಂಬುದು ನಮ್ಮ ಅಭಿಪ್ರಾಯ. ಬಂದವರನ್ನು ಗೇಟಿನಲ್ಲಿಯೇ ನಿಲ್ಲಿಸಿ ‘ಏನೂ ಇಲ್ಲ ಸಾರ್, ಎಲ್ಲ ಚೆನ್ನಾಗಿದೆ’ ಎಂದು ಕಳುಹಿಸಿದರೆ ಅವರು ಪುಸ್ತಕದಲ್ಲಿ ಹಾಗೆಯೇ ಬರೆದುಕೊಂಡು ಹೋಗುತ್ತಾರೆ. ಕೆಟ್ಟುಹೋದ ಬೀದಿದೀಪ, ಶಾಲೆಯ ಗೇಟಿನ ಬಳಿ ಹುಡುಗಿಯರನ್ನು ಕಾಡುವ ಬೈಕುಗಳು, ಖಾಲಿ ನಿವೇಶನದಲ್ಲಿ ರಾತ್ರಿ ಸೇರುವ ಗುಂಪು, ಇವುಗಳನ್ನು ಹೇಳಲು ದಾಖಲೆ ಪತ್ರಗಳೇನೂ ಬೇಕಿಲ್ಲ. ಒಂಟಿಯಾಗಿರುವ ಹಿರಿಯರ ಮನೆಗಳನ್ನು ಗುರುತಿಸಿ ತಿಳಿಸುವ ಕೆಲಸವನ್ನು ಧರ್ಮಕೇಂದ್ರಗಳ ಕಿರು ಸಮುದಾಯಗಳು ಸುಲಭವಾಗಿ ಮಾಡಬಲ್ಲವು.

ಸೆಪ್ಟೆಂಬರ್ 8ರ ಹರಿಹರದ ಆರೋಗ್ಯ ಮಾತೆಯ ಮಹೋತ್ಸವಕ್ಕೆ, ವೇಳಾಂಗಣಿಯ ಯಾತ್ರೆಗೆ, ಕ್ರಿಸ್ಮಸ್ ರಜೆಗೆ ಮನೆಮಂದಿಯೆಲ್ಲ ಒಟ್ಟಾಗಿ ಹೊರಡುವ ರೂಢಿ ನಮ್ಮಲ್ಲಿದೆ. ಗೇಟಿಗೆ ಹೊರಗಿನಿಂದ ತೂಗುವ ದೊಡ್ಡ ಬೀಗ, ಮೂರು ದಿನಗಳಿಂದ ಅಂಗಳದಲ್ಲೇ ಬಿದ್ದ ಪತ್ರಿಕೆಗಳು, ಗುಡಿಸದ ಬಾಗಿಲು ಕಳ್ಳನಿಗೆ ಬರೆದ ಆಹ್ವಾನ ಪತ್ರಗಳೇ ಸರಿ. ಹೊರಡುವ ಮುನ್ನ ಠಾಣೆಗೆ ತಿಳಿಸಿರೆಂದು ಪೊಲೀಸರು ಕೇಳಿಕೊಳ್ಳುವುದು ಇದಕ್ಕಾಗಿ. ಮುಂದಿನ ಯಾತ್ರೆಗೆ ಟಿಕೆಟ್ ಕಾದಿರಿಸುವ ದಿನವೇ ತಮ್ಮ ಬೀದಿಯ ಬೀಟ್ ಪೇದೆಯ ಹೆಸರನ್ನೂ ದೂರವಾಣಿ ಸಂಖ್ಯೆಯನ್ನೂ ಕೇಳಿ ತಿಳಿದು, ಕ್ಯಾಲೆಂಡರಿನ ಅಂಚಿನಲ್ಲಿ ಬರೆದಿಟ್ಟುಕೊಳ್ಳಬಹುದು.