ಹೊಲದಾರಿಯ ನಡಿಗೆ: ಚಳಿಗಾಲದ ಆರೋಗ್ಯಸೂತ್ರ

ಮಾರ್ಗಶಿರದ ಚಳಿಯಲ್ಲಿ ಸೇಡಂ, ಚಿತ್ತಾಪುರ, ಚಿಂಚೋಳಿ ಸೀಮೆಯ ಹೊಲಗಳನ್ನು ಸುತ್ತಿಬರುವುದು ದೇಹಕ್ಕೂ ಮನಸ್ಸಿಗೂ ಹಿತಕರ. ತೊಗರಿ ಕಾಯಿ ಕಟ್ಟಿರುತ್ತದೆ, ಕಡಲೆ ಹೂ ಬಿಟ್ಟಿರುತ್ತದೆ, ಬಿಳಿಜೋಳ ತೆನೆ ಹಾಕತೊಡಗಿರುತ್ತದೆ. ವಾರಕ್ಕೆ ಒಟ್ಟು 150 ನಿಮಿಷಗಳ ಬಿರುಸು ನಡಿಗೆ ವಯಸ್ಕರಿಗೆ ಅವಶ್ಯ.

ಬೆಳೆಯ ನಡುವೆ ನೆಟ್ಟ ಕೋಲುಗಳ ಮೇಲೆ ಕುಳಿತ ಕಾಜಾಣವನ್ನು ಗಮನಿಸಿರಿ. ತೊಗರಿಯ ಕಾಯಿಕೊರಕ ಹುಳುವನ್ನು ಹೆಕ್ಕಿ ತಿನ್ನುವ ಈ ಕರಿಯ ಹಕ್ಕಿ ರೈತನ ಮಿತ್ರ. ಆದರೆ ಅದೇ ಹುಳುವಿಗಾಗಿ ಈ ದಿನಗಳಲ್ಲಿ ಕೀಟನಾಶಕವನ್ನೂ ಸಿಂಪಡಿಸುತ್ತಾರೆ. ಹಸಿ ತೊಗರಿಕಾಯಿ ಸುಲಿದು ತಿನ್ನುವುದು, ಕಡಲೆ ಸೊಪ್ಪು ಚಿವುಟಿ ಬಾಯಿಗಿಡುವುದು ನಮ್ಮಲ್ಲಿ ರೂಢಿ. ಎಣ್ಣೆ ಹೊಡೆದ ಹೊಲದಲ್ಲಿ ಅದು ವಿಷವಾದೀತು. ಹೊಲದವರನ್ನು ಕೇಳದೆ ಏನನ್ನೂ ತಿನ್ನಬಾರದು, ಮಕ್ಕಳಿಗೂ ಕೊಡಬಾರದು. ಮನೆಗೆ ಬಂದೊಡನೆ ಸಾಬೂನಿನಿಂದ ಕೈಕಾಲು ತೊಳೆಯಬೇಕು.

ವಾಡಿ, ಶಹಾಬಾದ್ ಪರಿಸರದಲ್ಲಿ ಸಿಮೆಂಟು ಹಾಗೂ ಕಲ್ಲುಗಣಿಗಳ ಧೂಳುಂಟು. ಚಳಿಯ ನಸುಕಿನಲ್ಲಿ ಧೂಳು, ಹೊಗೆ ಮೇಲೇರದೆ ನೆಲದ ಸಮೀಪವೇ ನಿಲ್ಲುತ್ತವೆ. ಆದುದರಿಂದ ದಮ್ಮು, ಹೃದ್ರೋಗವುಳ್ಳ ಹಿರಿಯರು ಬಿಸಿಲೇರಿದ ಬಳಿಕ, ರಸ್ತೆಯನ್ನು ಬಿಟ್ಟು ಹೊಲದ ದಾರಿಯಲ್ಲಿ ನಡೆಯುವುದು ಲೇಸು. ಸಕ್ಕರೆ ಕಾಯಿಲೆಯವರು ಬರಿಗಾಲಲ್ಲಿ ಹೋಗಬಾರದು. ಕೂಳೆ ಚುಚ್ಚಿದ್ದು ಅರಿವಿಗೆ ಬಾರದೆ ಗಾಯ ಹುಣ್ಣಾಗಬಹುದು. ಸದ್ಭಕ್ತರು ಇಷ್ಟು ಎಚ್ಚರ ವಹಿಸಿದರೆ ಹೊಲದ ದಾರಿಯೇ ಔಷಧ.